ಉದ್ರಿ ಪುಸ್ತಕ

ಅರ್ಜಿಯೊಳಗ ಏಳನೇ ಕಾಲಂ:
'ಕಾರ್ಖಾನೆಯೊಂದಿಗೆ ಅರ್ಜಿದಾರರ ಸಂಬಂಧ.'
ಪೆನ್ನು ಎತ್ತಿ ಹಿಡದು ಕ್ಯಾಂಪಿನ ಹುಡಿಗಿ ನನ್ನ ಮುಖಾ ನೋಡಿದಳು.
ಏನಂತ ಬರಸ್ಲಿ, ತಂಗಿ?
ಗೇಟಿನ ಎದುರಿಗೆ ರಸ್ತೆ,
ರಸ್ತೆ ದಾಟಿದರ ನನ್ನ ತಗಡಿನ ಖಾನಾವಳಿ,
ನಡುವ ಹತ್ತೊಂಬತ್ತು ವರ್ಷ.

ಒಳಗ ಏನು ಮಾಡತಾರಂತ ಒಮ್ಮೆ ಕೇಳಿದ್ದೆ ಬಸಲಿಂಗನ್ನ.
'ವಾಲ್ವ್, ಅವ್ವಾ. ಡೀಸೆಲ್ ಎಂಜಿನ್ನು
ಉಸುರು ಬಿಡೂ ಬಾಗಲಾ' ಅಂದಿದ್ದ ರೊಟ್ಟಿ ಮುರಕೋತ.
ಬೆರಳಾಗ ಹಿಡದು ನೋಡಿ ಹೇಳತಿದ್ದ ಅಂವಾ:
'ಇವತ್ತಿಂದು ಅರ್ಧಾ ಮಿಲಿಮೀಟರ್ ದಪ್ಪ ಆಗೇತಿ.'
ಖರೇನ ಇರತಿತ್ತು. ನನ್ನ ಮೊಣಕೈ ನೋಯೂ ದಿನಾ
ನನಗಿಂತ ಮೊದಲ ಅವನ ಬೆರಳಿಗೆ ತಿಳೀತಿತ್ತು.
ಈಗ ಬರೂ ಗಾಡಿಗೆ ಉಸುರ ಇಲ್ಲಂತ,
ಬ್ಯಾಟರಿ ಮ್ಯಾಲ ಓಡತಾವಂತ.
ಉಸುರ ಇಲ್ಲದ ಮ್ಯಾಲ ಬಾಗಲಾ ಯಾರಿಗೆ ಬೇಕು.

ಪೇಪರಿನ್ಯಾಗ ಬರೂಕಿಂತ ಮುಂಚೆ
ನನ್ನ ಹಿಟ್ಟಿನ ಡಬ್ಬಿಗೆ ಗೊತ್ತಾಗಿತ್ತು.
ಮೂರೂ ಪಾಳಿ ನಡೆದಾಗ ದಿನಕ್ಕ ಆರನೂರಾ ನಲವತ್ತು ರೊಟ್ಟಿ,
ನಾಕು ಮಂದಿ ಕುಂತು ಬಡದರೂ ಸಾಲತಿರಲಿಲ್ಲ.
ರಾತ್ರಿ ಪಾಳಿ ನಿಂತ ವಾರ, ಮುನ್ನೂರಾ ತೊಂಬತ್ತು.
ಕಾಂಟ್ರಾಕ್ಟ್ ಹುಡುಗುರನ್ನ ತಗದ ಮ್ಯಾಲ, ನೂರಾ ಎಂಟು.
ನಡುವ ಒಂದಿನ ಶೇಂಗಾ ಚಟ್ನಿ ಉಳೀತು.
ಅದು ಎಂದೂ ಉಳದಿದ್ದಿಲ್ಲ.
ಅವತ್ತ ಸಂಜಿಕೆ ಹುಲಿಗೆವ್ವಗ
'ನಾಳಿಂದ ಬರಬ್ಯಾಡ' ಅಂದೆ.
ನೋಟೀಸಿಲ್ಲ, ಪರಿಹಾರ ಇಲ್ಲ, ಆ ವಾರದ ಪಗಾರ ಅಷ್ಟ.
ನಾನೂ ಒಂದು ಕಂಪನಿ ಆಗಿದ್ನೆಲ್ಲಾ.

ಆರು ತಿಂಗಳ ಮ್ಯಾಲ ಬೇಲೂರಿನ ಎಸ್ಟೇಟಿನ್ಯಾಗ ಪೆಂಡಾಲ್ ಬಿತ್ತು.
'ಸಂಕ್ರಮಣ ನೆರವು ಯೋಜನೆ' ಅಂತ ಬ್ಯಾನರು.
ಸಂಕ್ರಮಣ ಅಂದಕೂಡ್ಲೆ ನನಗ
ಸಜ್ಜಿರೊಟ್ಟಿ, ಕುಸುರೆಳ್ಳು ನೆನಪಾತು, ನಕ್ಕೆ.
ಬಸಲಿಂಗ ಸರತಿಯೊಳಗ ನಿಂತಿದ್ದ, ನಗಲಿಲ್ಲ.
ಮೂರು ತಿಂಗಳು ಟ್ರೇನಿಂಗ್ ಅಂತ ಅವಂಗ,
ಮನಿ ಮ್ಯಾಲ ಸೋಲಾರ್ ಪ್ಲೇಟು ಕೂಡಸೂದು.
ನಲವತ್ತೇಳು ವರ್ಷದಾಂವಾ ಏಣಿ ಹತ್ತೂದು ಕಲೀಬೇಕು.
'ಬ್ಯಾಡನ್ನೂ ಹಂಗಿಲ್ಲ, ಅವ್ವಾ. ಸ್ಟೈಫಂಡ್ ಐತಿ' ಅಂದ.

'ದಾಖಲೆ ಏನೈತಿ?' ಅಂದಳು ಹುಡಿಗಿ.
ಉದ್ರಿ ಪುಸ್ತಕ ಮುಂದ ಇಟ್ಟೆ.
ಹುಸೇನಸಾಬ, ಗ್ರೈಂಡಿಂಗ್: ರೊಟ್ಟಿ ಎರಡು, ಕಾಳಪಲ್ಯ.
ಈರಣ್ಣ ಹಡಪದ: ಪಗಾರ ಆದ ಮ್ಯಾಲ.
ಮೌನೇಶ, ಭಟ್ಟಿ ಮ್ಯಾಲಿನಾಂವ: ಊಟ ಇಲ್ಲ, ಬರೇ ಮಜ್ಜಿಗಿ, ಜ್ವರ.
ಈರಣ್ಣ ಹಡಪದ: ಪಗಾರ ಆದ ಮ್ಯಾಲ.
ಈರಣ್ಣ ಹಡಪದ.
'ಸಿಕ್ಕಾ ಇಲ್ಲಲ್ಲಬೇ ಇದರ ಮ್ಯಾಲ?'
ಎಣ್ಣಿ ಬೆರಳಿನ ಗುರುತು ಅದಾವ ನೋಡು,
ಪುಟಕ್ಕ ಹತ್ತು ಹದಿನೈದು.
ಸಣ್ಣ ಹುಡಿಗಿ, ಕೆಟ್ಟಾಕಿ ಅಲ್ಲ.
ಒಂದು ಪುಟದ ಮ್ಯಾಲ ತನ್ನ ಬೆರಳು ಇಟ್ಟು ನೋಡಿದಳು,
ಆಮ್ಯಾಲ ಏಳನೇ ಕಾಲಂನ್ಯಾಗ ಬರದಳು: 'ಇತರೆ'.

ಮಧ್ಯಾಹ್ನಕ್ಕ ಒಬ್ಬಾಂವ ಓಡಿ ಬಂದ.
ಸಾಹೇಬ್ರು, ಸಿಬ್ಬಂದಿ, ಡ್ರೈವರು ಕೂಡಿ ನಲವತ್ತು ಊಟ,
ಧಾರವಾಡದಿಂದ ತರಸೂದು ತಡಾ ಆಕ್ಕೈತಿ.
'ಬಿಲ್ಲು ಆಫೀಸಿಗೆ ಕೊಡ್ರಿ, ಅನುದಾನ ಬಂದಕೂಡ್ಲೆ...'
ಮುಮ್ಮಿಗಟ್ಟಿಗೆ ಹುಡುಗನ್ನ ಓಡಿಸಿದೆ, ಹುಲಿಗೆವ್ವ ಬಂದಳು.
ಏನೂ ಕೇಳಲಿಲ್ಲ, ಸೆರಗು ಸಿಗಿಸಿ ಕುಂತಳು.
ಭಾಳ ದಿನದ ಮ್ಯಾಲ ಎರಡು ಜೋಡಿ ಕೈ
ಒಂದ ಸಪ್ಪಳದಾಗ ಬಡದವು.

ಎಲ್ಲಾರೂ ಕೈ ತೊಳಕೊಂಡು ಹೋದ ಮ್ಯಾಲ
ಹೊಸಾ ಹಾಳಿ ತಿರುವಿ ಬರದೆ:
ಸರಕಾರ. ಊಟ ನಲವತ್ತು. ಬಾಕಿ.

ಹೊಗಿಯೊಳಗಿಂದ ಹುಲಿಗೆವ್ವ ಕೇಳಿದಳು,
'ನಾಳೆ ಬರಲೋ, ಬ್ಯಾಡೋ?'